ಎಂಟು ಗಂಟೆಗೆ ಆರು ತಟ್ಟೆ

ಆ ಮನೆಯಲ್ಲಿ ಯಾರಿಗೆ ಹಸಿವಾಗಿರಲಿ ಬಿಡಲಿ, ರಾತ್ರಿ ಎಂಟಕ್ಕೆ ಊಟ. ಮಾವ ಬಸ್ ಡಿಪೋದಲ್ಲಿ ಟೈಂ ಕೀಪರ್ ಆಗಿದ್ದು ನಿವೃತ್ತರಾದವರು. ಡಿಪೋ ಅವರನ್ನು ಬಿಟ್ಟಿತ್ತೇ ಹೊರತು ಅವರು ಡಿಪೋವನ್ನು ಬಿಟ್ಟಿರಲಿಲ್ಲ. ಎಂಟು ಹೊಡೆಯುತ್ತಲೂ ಗೋಡೆ ಕಡೆಯ ಕುರ್ಚಿಯಲ್ಲಿ ಕೂತು, ಚಮಚವನ್ನು ಒಂದೊಂದು ತಟ್ಟೆಯತ್ತಲೂ ತೋರಿಸುತ್ತ ಎಣಿಸುವರು. ಒಂದು ತಮ್ಮದು, ಎರಡು ಮಗನದು, ಮೂರು ಸೊಸೆಯದು, ನಾಲ್ಕು ಮದುವೆ ಎಂದರೆ ಮಾರು ದೂರ ಹಾರುವ ಮಗಳದು, ಐದು, ಆರು ಮೊಮ್ಮಕ್ಕಳದು. "ಆರು. ಸರಿ. ಶುರು ಮಾಡಿ" ಎಂದ ಮೇಲೆ ಅತ್ತೆ ಬಡಿಸಲು ಬರುವರು. ಆರು ತಟ್ಟೆ ಕಂಡ ದಿನ ಮನೆ ಒಗ್ಗಟ್ಟಾಗಿದೆ, ಐದು ಕಂಡ ದಿನ ಮನೆ ಒಡೆಯುತ್ತಿದೆ. ಮಾವನ ಲೆಕ್ಕ ಇಷ್ಟೇ.

ಆರು ತಟ್ಟೆಯ ಸುತ್ತ ಮಾತುಕತೆ ನಡೆಯುತ್ತಿತ್ತೇ ಎಂದು ಕೇಳಬೇಡಿ. ಮಾವನ ಕಣ್ಣು ಟೀವಿಯ ಮೇಲೆ, ಗಂಡನ ಕಣ್ಣು ತೊಡೆಯ ಮೇಲಿನ ಮೊಬೈಲಿನ ಮೇಲೆ, ನಾದಿನಿಯ ಕಣ್ಣು ಗಡಿಯಾರದ ಮೇಲೆ. ಮಕ್ಕಳು ಮೇಜಿನ ಕೆಳಗೆ ಒಬ್ಬರನ್ನೊಬ್ಬರು ಒದೆಯುತ್ತಿದ್ದರು. ಇವೆಲ್ಲದರ ನಡುವೆ ಒಂದು ಮಂಗಳವಾರ ಸೊಸೆ ನೀರು ಕುಡಿದು ಲೋಟ ಕೆಳಗಿಟ್ಟು ಹೇಳಿದಳು:

"ನನ್ನನ್ನ ಸಂಜೆ ಶಿಫ್ಟಿಗೆ ಮೇಲ್ವಿಚಾರಕಿ ಮಾಡ್ತಾರಂತೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು."

ಟೀವಿಯಲ್ಲಿ ಯಾರೋ ಒಬ್ಬ ಹವಾಮಾನ ಹೇಳುತ್ತಿದ್ದ. ಮಾವ ಅದನ್ನು ಆರಿಸಿದರು. ಅವರು ಊಟದ ನಡುವೆ ಟೀವಿ ಆರಿಸಿದ್ದು ಮಕ್ಕಳ ನೆನಪಿನಲ್ಲೇ ಇರಲಿಲ್ಲ.

"ಹಾಗಾದ್ರೆ ಎಂಟಕ್ಕೆ ಐದು ತಟ್ಟೆ ಆಗತ್ತೆ" ಎಂದರು.

"ಅತ್ತಿಗೆ, ಸಿಹಿ ಯಾವಾಗ?" ಎಂದಳು ನಾದಿನಿ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದರು. "ಸಂಜೆ ಕೆಲಸ ಎಲ್ಲ ನನ್ನ ತಲೆ ಮೇಲೆ ಬಂತು ಅನ್ನಿ. ನನ್ನ ಮಂಡಿ ಹೆಂಗಿದೆ ಅಂತ ಯಾರಾದ್ರೂ ನೋಡಿದೀರಾ?"

ಗಂಡ ಮೊಬೈಲನ್ನು ಮಗುಚಿಟ್ಟು, "ಯೋಚನೆ ಮಾಡೋಣ" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವನು.

ಸೊಸೆ ಕೆಲಸ ಮಾಡುತ್ತಿದ್ದುದು ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದ ಲಾಂಡ್ರಿಯಲ್ಲಿ. ವಾರ್ಡುಗಳ ಹಾಸು, ಹೊದಿಕೆ, ದಿಂಬಿನ ಗವಸು ಎಲ್ಲ ಅಲ್ಲಿ ಒಗೆದು, ಒಣಗಿ, ಇಸ್ತ್ರಿಯಾಗಿ ಹೋಗಬೇಕು. ಯಾವ ಶಿಫ್ಟು ಚೆನ್ನಾಗಿ ಕೆಲಸ ಮಾಡಿತು ಎಂದು ತಿಳಿಯಲು ಬಾಗಿಲಲ್ಲಿ ತಕ್ಕಡಿ ಇಟ್ಟಿದ್ದರು. ಹೆಚ್ಚು ತೂಕ ಹೊರಗೆ ಹೋದರೆ ಒಳ್ಳೆಯ ಶಿಫ್ಟು. ಸಂಜೆ ಶಿಫ್ಟಿನ ಹಳೆಯ ಮೇಲ್ವಿಚಾರಕ ಚಾಲಾಕಿ ಆಸಾಮಿ. ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಭಾರ ಎನ್ನುವುದಕ್ಕೆ ಶಾಲೆಗೆ ಹೋಗಬೇಕಾಗಿಲ್ಲವಲ್ಲ! ಯಂತ್ರದಿಂದ ಅರ್ಧ ಒಣಗಿದ್ದಾಗಲೇ ತೆಗೆಸಿ, ಮಡಚಿಸಿ, ತಕ್ಕಡಿಗೆ ಹಾಕಿಸಿದ. ತಿಂಗಳುಗಟ್ಟಲೆ ಅವನ ಶಿಫ್ಟೇ ಮುಂದು. ಅತ್ತ ವಾರ್ಡಿನಲ್ಲಿ ನರ್ಸುಗಳು ಹಾಸುಗಳನ್ನು ಕುರ್ಚಿ ಬೆನ್ನಿಗೆ ಹರವಿ ಫ್ಯಾನು ಹಾಕುತ್ತಿದ್ದರು. ರೋಗಿಗಳು ತಣ್ಣಗೆ ಅಂಟುವ ಹಾಸಿನ ಮೇಲೆ ಮಲಗಿ ಬೈಯುತ್ತಿದ್ದರು.

ಬೆಳಗಿನ ಶಿಫ್ಟಿನ ಈ ಸೊಸೆ, ಸಂಜೆಯವರು ಬಿಟ್ಟುಹೋದ ರಾಶಿಯನ್ನು ಮುಟ್ಟಿ ನೋಡಿ, "ಒದ್ದೆ ಹಾಸು ನಾನು ಮಡಚಲ್ಲ" ಎಂದು ವಾಪಸು ಯಂತ್ರಕ್ಕೆ ಹಾಕುತ್ತಿದ್ದಳು. ತೂಕದಲ್ಲಿ ಅವಳ ಶಿಫ್ಟು ಯಾವಾಗಲೂ ಹಿಂದು. ಜೊತೆಯವರು ಗೊಣಗಿದರೂ ಅವಳು ಜಗ್ಗಲಿಲ್ಲ. ಕೊನೆಗೆ ವಾರ್ಡಿನ ದೂರು ಮೇಲಿನವರೆಗೆ ಹೋಗಿ, ಮ್ಯಾನೇಜರು ಅವಳನ್ನು ಕರೆದು, "ನಿಮ್ಮ ಕೈಗೆ ಕೊಟ್ರೆ ಏನು ಮಾಡ್ತೀರಿ?" ಎಂದು ಕೇಳಿದ್ದ. "ತಕ್ಕಡಿ ತೆಗೀತೀನಿ. ವಾರ್ಡಿಂದ ಎಷ್ಟು ವಾಪಸ್ ಬಂತು ಅಂತ ಎಣಿಸ್ತೀನಿ" ಎಂದಿದ್ದಳು. ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳಬೇಕಿತ್ತು.

ಅವಳಿಗೆ ಆ ಕೆಲಸ ಬೇಕಿತ್ತು. ಮನೆಗೆ ಅನುಕೂಲ, ಮಕ್ಕಳಿಗೆ ಅನುಕೂಲ ಎಂದೆಲ್ಲ ಹೇಳಬಹುದಿತ್ತು, ಅದೂ ಸುಳ್ಳಲ್ಲ. ಆದರೆ ನಿಜವಾದ ಮಾತೆಂದರೆ ಅವಳಿಗೆ ಬೇಕಿತ್ತು. ಬಸ್ಸಿನಲ್ಲಿ ನಿಂತಾಗ, ಪಾತ್ರೆ ತಿಕ್ಕುವಾಗ, ಹಲ್ಲುಜ್ಜುವಾಗ ಆ ಶಿಫ್ಟನ್ನು ಹೇಗೆ ನಡೆಸಬೇಕೆಂದೇ ಅವಳು ಯೋಚಿಸುತ್ತಿದ್ದಳು.

ಆ ಭಾನುವಾರ ಗಂಡ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿ ಹರಡಿದ. ಅವನು ಹಾರ್ಡ್‌ವೇರ್ ಅಂಗಡಿಯ ಗೋದಾಮು ನೋಡಿಕೊಳ್ಳುವವನು. ಈಚೆಗೆ ಅಂಗಡಿಯವರು ಎರಡು ದಿನದ ತರಬೇತಿಗೆ ಕಳಿಸಿದ್ದರು. ತೀರ್ಮಾನ ಮಾಡುವ ಮೊದಲು ನಮಗೆ ಏನೇನು ಮುಖ್ಯ ಎಂದು ಬರೆಯಬೇಕಂತೆ, ಪ್ರತಿಯೊಂದನ್ನೂ ಹೇಗೆ ಅಳೆಯುವುದು ಎಂದು ಗೊತ್ತುಮಾಡಬೇಕಂತೆ, ಯಾವುದಕ್ಕೆ ಎಷ್ಟು ತೂಕ ಎಂದು ಹಂಚಿ, ಗುಣಿಸಿ, ಕೂಡಬೇಕಂತೆ.

"ಕೂಗಾಟ ಬೇಡ. ಲೆಕ್ಕ ಮಾಡೋಣ" ಎಂದ.

"ಮೊದಲನೇದು ಮನೆ ಒಗ್ಗಟ್ಟು. ಬರ್ಕೋ" ಎಂದರು ಮಾವ.

"ಹೇಗೆ ಅಳೆಯೋದಪ್ಪ?"

"ಎಂಟಕ್ಕೆ ಎಷ್ಟು ತಟ್ಟೆ ಅಂತ. ಮತ್ತೆ ಹೇಗೆ?"

ಮಕ್ಕಳ ಓದು, ಅಮ್ಮನ ಮಂಡಿ, ಸಂಬಳ ಎಂದು ಮೂರು ಸಾಲು ಬಂದವು. ತೂಕ ಹಂಚುವಾಗ ಮಾವ ನೂರರಲ್ಲಿ ಅರ್ಧವನ್ನು ಒಗ್ಗಟ್ಟಿಗೇ ಹಾಕಿಸಿದರು.

"ಅರ್ಧ ಯಾಕೆ ಮಾವ?" ಎಂದಳು ಸೊಸೆ.

"ಒಗ್ಗಟ್ಟಿಗಿಂತ ದೊಡ್ಡದು ಏನಮ್ಮ ಇದೆ? ನೀನೇ ಹೇಳು."

"ದೊಡ್ಡದೇ. ಆದ್ರೆ ಒಗ್ಗಟ್ಟು ಪೂರ್ತಿ ಮುಳುಗಿ ಹೋಗ್ತಾ ಇಲ್ವಲ್ಲ. ಆರು ತಟ್ಟೆ ಐದಾಗತ್ತೆ, ಅಷ್ಟೇ. ಆರಕ್ಕೂ ಐದಕ್ಕೂ ನಡುವಿನ ವ್ಯತ್ಯಾಸಕ್ಕೆ ಎಷ್ಟು ತೂಕ ಅಂತ ಕೇಳಿ. ಊಟ ದೊಡ್ಡದೋ ಉಪ್ಪು ದೊಡ್ಡದೋ ಅಂದ್ರೆ ಯಾರಾದ್ರೂ ಊಟ ಅಂತಾನೇ ಅಂತಾರೆ. ಒಂದು ತುತ್ತು ಕಮ್ಮಿ ಆದ್ರೆ ಯಾರೂ ಎದ್ದು ಹೋಗಲ್ಲ. ಉಪ್ಪೇ ಇಲ್ಲದಿದ್ರೆ ನೀವೇ ತಟ್ಟೆ ತಳ್ತೀರ."

ಗಂಡ ಪೆನ್ನಿನ ತುದಿ ಕಚ್ಚಿದ. ಇದು ತರಬೇತಿಯಲ್ಲೂ ಬಂದಿತ್ತೋ ಏನೋ, ಅವನ ಮುಖ ನೋಡಿದರೆ ಆ ಹೊತ್ತಿನಲ್ಲಿ ಅವನು ಚಹಾ ಕುಡಿಯಲು ಹೋಗಿದ್ದಂತೆ ಕಾಣುತ್ತಿತ್ತು.

"ಇನ್ನೊಂದು ಸಾಲು ಬರೀರಿ" ಎಂದಳು ಸೊಸೆ. "ಅವಳಿಗೆ ಬೇಕು, ಅಂತ."

"ಅದನ್ನ ಅಳೆಯೋದು ಹೇಗೆ?"

"ನನ್ನ ಕೇಳಿ. ಇಲ್ಲೇ ಕೂತಿದೀನಲ್ಲ!"

ನಾದಿನಿ ಕಿಸಕ್ಕನೆ ನಕ್ಕಳು. ಗಂಡ ಪೆನ್ನು ಎತ್ತಿದ, ಅಪ್ಪನ ಮುಖ ನೋಡಿದ, ಇಳಿಸಿದ. ಆ ಸಾಲು ಹಾಳೆಗೆ ಬರಲಿಲ್ಲ. ಸೊಸೆಯ ಕಿವಿ ಬಿಸಿಯಾಯಿತು. ಈ ಹಾಳೆಯಲ್ಲಿ ಅತ್ತೆಯ ಮಂಡಿಗೂ ಜಾಗವಿದೆ, ತನಗಿಲ್ಲ.

"ಆಯ್ತು, ತಟ್ಟೆಯಿಂದಲೇ ಅಳೆಯೋದಾದ್ರೆ, ಅತ್ತೆ ತಟ್ಟೆ ಎಲ್ಲಿದೆ?"

"ಅವಳದು ಅಡುಗೆಮನೇಲಿ" ಎಂದರು ಮಾವ. "ಮೊದಲಿಂದ್ಲೂ ಹಾಗೇ. ಅದು ಲೆಕ್ಕಕ್ಕೆ ಬರಲ್ಲ."

ಅತ್ತೆ ತನ್ನ ಪರವಹಿಸಿ ಮಾತಾಡುತ್ತಾರೆಂದು ಸೊಸೆ ಕಾದಳು. ಅತ್ತೆ ಎಲೆಕೋಸು ಹೆಚ್ಚುತ್ತಿದ್ದ ಚಾಕುವನ್ನು ಅವಳ ಕಡೆಗೇ ತಿರುಗಿಸಿದರು.

"ನನ್ನ ತಟ್ಟೆ ಗೊಡವೆ ನಿನಗ್ಯಾಕೆ? ನಿನ್ನ ಜಗಳಕ್ಕೆ ನನ್ನನ್ನ ದೊಣ್ಣೆ ಮಾಡ್ಕೋಬೇಡ."

ಆ ಮಾತಿನಲ್ಲಿ ನ್ಯಾಯವಿತ್ತು. ಇಷ್ಟು ವರ್ಷ ಅದೇ ಮೇಜಿಗೆ ಕೂತು ಉಂಡು, ತನಗೆ ಬೇಕಾದಾಗ ಮಾತ್ರ ಅವರ ತಟ್ಟೆ ನೆನೆಸಿಕೊಂಡಿದ್ದು ಸೊಸೆಗೆ ನಾಚಿಕೆ ತಂದಿತು.

ಗಂಡ ಗುಣಿಸಿದ, ಕೂಡಿದ, ಮತ್ತೆ ಕೂಡಿದ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ, "ಈಗ ಇರೋ ಹಾಗೇ ಇರೋದು ಒಳ್ಳೇದು ಅಂತ ಬಂತು" ಎಂದ.

"ಕೂಡಿದ್ದು ಸರಿಯಾಗೇ ಇದೆ" ಎಂದು ಸೊಸೆ ಎದ್ದಳು. "ಅಳೆದಿದ್ದೇ ಬೇರೆ ಏನನ್ನೋ. ನಾನು ಒಪ್ಪಲ್ಲ."

ಲೆಕ್ಕದಲ್ಲಿ ಗೆದ್ದ ಮೇಲೆ ಮಾವ ಇನ್ನೂ ಬಿಗಿಯಾದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನಾದಿನಿ ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಬೇಕು. ಅವಳು ಎಂಟಕ್ಕೆ ಐದು ನಿಮಿಷವಿರುವಾಗ ಗಿರಾಕಿಗಳನ್ನು ಬಿಟ್ಟು ಓಡಿಬಂದು, ತಟ್ಟೆಯ ಮುಂದೆ ಕೂತು ಲೆಕ್ಕ ಕೊಟ್ಟು, ನಾಲ್ಕು ತುತ್ತು ನುಂಗಿ ಮತ್ತೆ ಓಡುವಳು. "ನಾನು ಊಟಕ್ಕೆ ಬರ್ತಾ ಇಲ್ಲ ಅತ್ತಿಗೆ, ಹಾಜರಿ ಹಾಕೋಕೆ ಬರ್ತಾ ಇದೀನಿ" ಎಂದಳು. ಎಂಟಕ್ಕೆ ಆರು ತಟ್ಟೆ, ಎಂಟೂಕಾಲಿಗೆ ಐದು. ಎಂಟೂಕಾಲಿಗೆ ಯಾರೂ ಎಣಿಸುತ್ತಿರಲಿಲ್ಲ.

ಮುಂದಿನ ವಾರ ಮಕ್ಕಳಲ್ಲಿ ಚಿಕ್ಕವಳಿಗೆ ಜ್ವರ ಬಂತು. ಸಂಜೆ ಮೈ ಕಾದ ಹೆಂಚಿನಂತಿತ್ತು. ಸೊಸೆ ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕಿ, ಗಂಜಿ ಕುಡಿಸಿ, ಮಲಗಿಸಿ ಬಂದಳು. ಎಂಟಾಯಿತು.

"ಐದು" ಎಂದು ಮಾವನ ಚಮಚ ನಿಂತಿತು.

"ಜ್ವರ ಅಲ್ವಾ ಅಪ್ಪ" ಎಂದ ಗಂಡ.

"ತಿನ್ನೋದು ಬೇಡ, ಸುಮ್ನೆ ಎರಡು ನಿಮಿಷ ಕೂರ್ಲಿ. ಎಲ್ಲರ ಜೊತೆ ಇದ್ರೆ ಮಗೂಗೂ ಲವಲವಿಕೆ."

ಸೊಸೆ ಬೇಡ ಎನ್ನುವಷ್ಟರಲ್ಲಿ ಗಂಡ ಎದ್ದು ಹೋಗಿ ಮಗುವನ್ನು ಹೊದಿಕೆ ಸಮೇತ ಎತ್ತಿ ತಂದು ಕುರ್ಚಿಗೆ ಒರಗಿಸಿದ. ಮುಂದೆ ಖಾಲಿ ತಟ್ಟೆ. "ಆರು. ಸರಿ. ಶುರು ಮಾಡಿ." ಅನ್ನ ಮೇಜಿಗೆ ಬರುವ ಮೊದಲೇ ಮಗುವಿನ ತಲೆ ಜೋಲಿ ತಟ್ಟೆಗೆ ತಾಕಿತು, ಠಣ್ ಎಂದಿತು. ಸೊಸೆ ಬಾಚಿ ಎತ್ತಿಕೊಂಡಳು. ಮಗು ಕುಡಿದ ಗಂಜಿಯನ್ನೆಲ್ಲ ಅವಳ ಹೆಗಲ ಮೇಲೆ ಕಾರಿಕೊಂಡಿತು.

"ಖಾಲಿ ತಟ್ಟೆನೂ ಎಣಿಸ್ತೀರಲ್ಲ ಮಾವ! ಪ್ರಜ್ಞೆ ಇಲ್ಲದೆ ಬಿದ್ದಿರೋ ಮಗೂನೂ ಎಣಿಸ್ತೀರಲ್ಲ! ಇದಕ್ಕೆ ಒಗ್ಗಟ್ಟು ಅಂತ ಹೆಸರಾ? ನಮ್ಮ ಲಾಂಡ್ರೀಲಿ ಒದ್ದೆ ಹಾಸು ತೂಗಿದೋನಿಗೂ ನಿಮಗೂ ಏನು ವ್ಯತ್ಯಾಸ?"

"ಮಾತು ಅಳೆದು ಆಡು" ಎಂದ ಗಂಡ.

"ನಾನು ಅಳೆದೇ ಆಡ್ತಾ ಇದೀನಿ. ನೀವು ಮಗೂನ ಹಾಸಿಗೇಲಿ ಬಿಟ್ಟಿದ್ರೆ ಸಾಕಿತ್ತು!"

ಅವಳು ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ನೀರು ಹೊಯ್ಯುತ್ತಿರುವಾಗ ಹೊರಗಿನ ಮಾತು ಕೇಳಿಸಿತು. ಮಾತಾಡುತ್ತಿದ್ದವರು ಅತ್ತೆ.

"ನಿಮ್ಮ ಡಿಪೋ ಬಸ್ಸೂ ಹೀಗೇ ಅಲ್ವೇನ್ರೀ? ಸರಿಯಾದ ಟೈಮಿಗೆ ಬರ್ತಿತ್ತು, ನಿಲ್ತಾ ಇರ್ಲಿಲ್ಲ. ನಾನು ಎರಡು ಕೈಯಲ್ಲಿ ಚೀಲ ಹಿಡ್ಕೊಂಡು ಸ್ಟಾಪಲ್ಲಿ ನಿಂತಿದ್ರೆ, ಡ್ರೈವರು ಸಾಹೇಬರ ಹೆಂಡ್ತಿ ಅಂತ ಗುರುತು ಹಿಡಿದು ಕೈ ಬೇರೆ ಬೀಸ್ಕೊಂಡು ಹೋದ! ಆ ವರ್ಷವೇ ತಾನೆ ಒಂದು ಬಸ್ಸೂ ಲೇಟಾಗಿಲ್ಲ ಅಂತ ನಿಮಗೆ ಬಹುಮಾನ ಕೊಟ್ಟಿದ್ದು?"

"ನಿಲ್ಸಿದ್ರೆ ಲೇಟಾಗ್ತಿತ್ತು" ಎಂದರು ಮಾವ, ಬಹಳ ಗಂಭೀರವಾಗಿ.

ನಾದಿನಿಯ ನಗು ಬೀದಿಯವರೆಗೆ ಕೇಳಿಸಿರಬೇಕು. ಕುರ್ಚಿ ಎಳೆದ ಸದ್ದಾಯಿತು, ಮಾವನ ಕೋಣೆಯ ಬಾಗಿಲು ದಢಾರನೆ ಮುಚ್ಚಿತು. ಬಚ್ಚಲಲ್ಲಿ ಸೊಸೆ ಮಗುವಿನ ಕೂದಲು ತೊಳೆಯುತ್ತ, ಅಳುತ್ತ, ನಡುನಡುವೆ ನಗುತ್ತ ಕೂತಿದ್ದಳು.

ಜ್ವರ ಬಿಟ್ಟಿತು. ಶುಕ್ರವಾರ ಊಟಕ್ಕೆ ಆರು ತಟ್ಟೆ ಎಣಿಸಿ ಮುಗಿದ ಮೇಲೆ ಸೊಸೆ ಕಡ್ಡಿ ಮುರಿದ ಹಾಗೆ ಹೇಳಿದಳು:

"ಸೋಮವಾರದಿಂದ ಸಂಜೆ ಶಿಫ್ಟಿಗೆ ಹೋಗ್ತೀನಿ. ಕೇಳ್ತಾ ಇಲ್ಲ, ಹೇಳ್ತಾ ಇದೀನಿ. ಎರಡು ಹೊತ್ತಿನ ಅಡುಗೆ ಬೆಳಿಗ್ಗೆನೇ ಮಾಡಿಡ್ತೀನಿ. ರಾತ್ರಿ ಬಿಸಿ ಮಾಡೋದು, ಪಾತ್ರೆ ತೊಳೆಯೋದು ನಿಮ್ಮ ಮಗನ ಕೆಲಸ. ಅತ್ತೆ ಮಂಡಿಗೆ ಏನೂ ಹೆಚ್ಚಾಗಲ್ಲ."

"ಪಾತ್ರೆ ನಾನಾ?" ಎಂದ ಗಂಡ.

"ಮತ್ಯಾರು, ಪಕ್ಕದ ಮನೆಯವರಾ?"

ಮಾವ ಚಮಚ ಇಟ್ಟರು. "ಐದು ತಟ್ಟೆ ಇಟ್ಟಿರೋ ಮೇಜಲ್ಲಿ ನಾನು ಒಂದು ಅಗುಳೂ ಮುಟ್ಟಲ್ಲ. ಸೋಮವಾರದಿಂದ ನನಗೆ ಉಪವಾಸ."

ಮೊದಲಾಗಿದ್ದರೆ ಈ ಮಾತಿಗೆ ಸೊಸೆ ಅಲ್ಲೇ ಸೋಲುತ್ತಿದ್ದಳು. ಈಗ ಲೋಟಕ್ಕೆ ನೀರು ಬಗ್ಗಿಸುತ್ತಲೇ ಹೇಳಿದಳು: "ಅದು ನಿಮ್ಮಿಷ್ಟ ಮಾವ. ಹಸಿವು ನಿಮ್ಮದು. ನನ್ನ ಕೆಲಸ ನನ್ನದು."

ಭಾನುವಾರ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಗಂಡ ಬಂದ. ಹಾಸಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದು ಅವನು ಹಿಡಿದ.

"ಸ್ವಲ್ಪ ದಿನ ತಡಿಬಹುದಿತ್ತು. ಅಪ್ಪನ ವಯಸ್ಸು ನೋಡು" ಎಂದ.

"ನಿಮ್ಮ ಹಾಳೇಲಿ ನನ್ನ ಸಾಲು ಬರೆದಿದ್ರೆ ತಡೀತಿದ್ದೆ. ಪೆನ್ನು ಎತ್ತಿ ಇಳಿಸಿದ್ರಲ್ಲ, ಅದು ಮರ್ತುಹೋಗಲ್ಲ."

ಅವನು ಹಾಸನ್ನು ಎರಡು ಮಡಿಕೆ ಮಾಡಿ ಹತ್ತಿರ ಬಂದು ಅವಳ ಕೈಗೆ ಕೊಟ್ಟು, "ಹತ್ತಕ್ಕೆ ಕರ್ಕೊಂಡು ಬರೋಕೆ ಬರ್ತೀನಿ, ಗೇಟ್ ಹತ್ರ ನಿಂತಿರು" ಎಂದ.

ಕೆಳಗೆ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದರು. ಸೊಸೆಯೂ ಒಂದು ಹಿಡಿ ಎತ್ತಿಕೊಂಡು ಕೂತಳು.

"ಅಲ್ಲಿ ಎಲ್ಲ ನಿಂತ್ಕೊಂಡೇ ಮಾಡೋ ಕೆಲಸಾನಾ?" ಎಂದರು ಅತ್ತೆ.

"ನಿಂತೇ. ಊಟದ ಹೊತ್ತಿಗೆ ಮಾತ್ರ ಎಲ್ಲರೂ ಕೂತ್ಕೋತೀವಿ."

"ಬಡಿಸೋರು?"

"ಅವರವರದು ಅವರವರೇ."

ಅತ್ತೆ ಹ್ಞೂಂ ಎಂದರು. ಒಂದು ಬೀನ್ಸ್ ಮುರಿದು, "ಇದು ಬಲಿತುಹೋಗಿದೆ, ಇನ್ಮೇಲೆ ನೋಡಿ ತಗೊಂಡು ಬಾ" ಎಂದು ಬೈದರು.

ಸೋಮವಾರ ಎರಡು ಗಂಟೆಗೆ ಸೊಸೆ ಲಾಂಡ್ರಿಯ ತಕ್ಕಡಿಯನ್ನು ಮೂಲೆಗೆ ತಳ್ಳಿಸಿದಳು. ಅದರ ಜಾಗದಲ್ಲಿ ಒಂದು ಖಾಲಿ ಟ್ರಾಲಿ ನಿಲ್ಲಿಸಿದಳು. ವಾರ್ಡಿನವರು ಬೇಡವೆಂದ ಹಾಸು ಅದಕ್ಕೆ ಬರಬೇಕು, ಅದು ಖಾಲಿಯಿದ್ದಷ್ಟೂ ಒಳ್ಳೆಯದು.

"ತೂಕ ಇಲ್ದೆ ನಾವು ದುಡಿದಿದ್ದು ಹೇಗೆ ಗೊತ್ತಾಗತ್ತಕ್ಕಾ?" ಎಂದ ಒಬ್ಬ.

"ನಮಗೆ ಬೇಕಾಗಿರೋದು ತೂಕಾನಾ? ರೋಗಿ ಒಣಗಿರೋ ಹಾಸಿನ ಮೇಲೆ ಮಲಗೋದು ಬೇಕು."

"ನಮ್ಮ ಮೇಲೆ ಸಿಟ್ಟಿರೋ ನರ್ಸು ಚೆನ್ನಾಗಿರೋದನ್ನೂ ವಾಪಸ್ ಕಳ್ಸಿದ್ರೆ?"

"ಕಳ್ಸಿದಾಗ ಹೋಗಿ ಕೇಳ್ತೀನಿ. ಅಲ್ಲೀವರೆಗೆ ಯಂತ್ರದಿಂದ ಒದ್ದೆ ಬಟ್ಟೆ ತೆಗೆದೋರು ನನ್ನ ಕೈಗೆ ಸಿಕ್ಕಿದ್ರೆ ನೋಡಿ" ಎಂದಳು. ಅವರು ನಕ್ಕು ಕೆಲಸಕ್ಕೆ ಹೋದರು.

ಎಂಟು ಹೊಡೆದಾಗ ಅವಳ ಕೈ ನಿಂತಿತು. ಮನೆಯಲ್ಲಿ ಈಗ ಚಮಚ ಐದಕ್ಕೆ ನಿಲ್ಲುತ್ತದೆ. ಮುದುಕರು ನಿಜವಾಗಿ ಉಪವಾಸ ಬಿದ್ದು ಏನಾದರೂ ಆದರೆ? ವಾಪಸು ಹೋಗುವ ಯೋಚನೆ ಮಾತ್ರ ಬರಲಿಲ್ಲ, ಅದು ಅವಳಿಗೇ ಆಶ್ಚರ್ಯ. ಎಂಟೂವರೆಗೆ ಊಟದ ಬಿಡುವು. ಡಬ್ಬಿ ತೆರೆಯುವಷ್ಟರಲ್ಲಿ ನಾದಿನಿಯ ಫೋನು.

"ಅತ್ತಿಗೆ, ನಿಂತಿದೀರಾ ಕೂತಿದೀರಾ?"

"ಮಾವಂಗೆ ಏನಾಯ್ತು? ಬೇಗ ಹೇಳೇ!"

"ಕೇಳಿ ಮೊದಲು. ಇದನ್ನ ನೋಡೋಕೆ ಇವತ್ತು ಅಂಗಡಿಗೆ ವಾಪಸ್ ಹೋಗ್ಲೇ ಇಲ್ಲ. ಅಣ್ಣ ಎಲ್ಲ ಬಿಸಿ ಮಾಡಿದ. ಅಮ್ಮ ಪಾತ್ರೆಗಳನ್ನ ತಂದು ಮೇಜಿನ ನಡುವೆ ಸಾಲಾಗಿ ಇಟ್ಲು. ಒಂದು ತಟ್ಟೆ ತಗೊಂಡು ಬಂದು ನಿಮ್ಮ ಕುರ್ಚೀಲಿ ಕೂತ್ಕೊಂಡ್ಲು. ಅಪ್ಪ ಚಮಚ ಎತ್ತಿ, ಐದು ಅನ್ನೋಕೆ ತಯಾರಾಗಿ ಮುಖ ಊದಿಸ್ಕೊಂಡು ಎಣಿಸಿದ್ರು. ಆರು ಬಂತು!"

ಸೊಸೆಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ಮತ್ತೆ ಮೊದಲಿಂದ ಎಣಿಸಿದ್ರು. ಆಗ್ಲೂ ಆರೇ. 'ನೀನು ಲೆಕ್ಕಕ್ಕೆ ಬರಲ್ಲ' ಅಂದ್ರು. ಅಮ್ಮ, 'ಯಾಕೆ, ನಾನು ಈ ಮನೆಯವಳಲ್ವಾ?' ಅಂತ ಕೇಳಿದ್ಲು. ಅಪ್ಪ ಚಮಚ ಕೆಳಗಿಟ್ರು ಅತ್ತಿಗೆ. ಆಮೇಲೆ 'ಬಡಿಸೋರು ಯಾರು' ಅಂದ್ರು. 'ಕೈ ಇದೆಯಲ್ಲ' ಅಂದ್ಲು."

"ಉಂಡ್ರಾ?"

"ಉಂಡ್ರು. ಉಣ್ಣದೆ ಏನು ಮಾಡ್ತಾರೆ? ಆರು ತಟ್ಟೆ ಇತ್ತಲ್ಲ! ಎರಡನೇ ಸಲ ತಾವೇ ಹಾಕ್ಕೊಂಡ್ರು."

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದಲ್ಲಿ ಉಣ್ಣುತ್ತಿದ್ದವರು ತಿರುಗಿ ನೋಡಿದರು. ಫೋನು ಕೈ ಬದಲಾದ ಸದ್ದಾಯಿತು.

"ಏನು ನಗು ಅಲ್ಲಿ?" ಅತ್ತೆಯ ದನಿ. "ನಿನ್ನ ಪರ ಕೂತೆ ಅಂತ ತಿಳ್ಕೋಬೇಡ. ಬೀನ್ಸು ಸರಿಯಾಗಿ ಬೆಂದಿರಲಿಲ್ಲ. ಇಷ್ಟು ದಿನ ಎಲ್ಲ ಆರಿದ ಮೇಲೆ ತಿಂತಿದ್ದೆ, ಗೊತ್ತಾಗ್ತಿರಲಿಲ್ಲ."

"ನಾಳೆ ಚೆನ್ನಾಗಿ ಬೇಯಿಸ್ತೀನಿ ಅತ್ತೆ."

"ನಿನ್ನ ವಾರದ ರಜೆ ಯಾವತ್ತು?"

"ಭಾನುವಾರ."

"ಹಾಗಾದ್ರೆ ಅಷ್ಟರೊಳಗೆ ಒಂದು ಕುರ್ಚಿ ತಗೊಂಡು ಬಾ" ಎಂದರು ಅತ್ತೆ. "ನಾನಂತೂ ಏಳಲ್ಲ."